ಅಂಕಿಗಳ ಕಾವಲು: ಗಡಿನಾಡ ಕನ್ನಡ ಶಾಲೆಗಳಿಗೊಂದು ನಿಗಾ ತಂತ್ರಾಂಶ

ಭಾರತದಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಸಂವಿಧಾನದ ವಿಧಿಗಳ ಮೇಲೆ ಎಷ್ಟು ನಿಂತಿವೆಯೋ ತಲೆಯೆಣಿಕೆಯ ಮೇಲೂ ಅಷ್ಟೇ ನಿಂತಿವೆ. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸಾಕಷ್ಟು ಸೌಕರ್ಯ ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಮಾಡಬೇಕೆನ್ನುತ್ತದೆ. ಆದರೆ ‘ಸಾಕಷ್ಟು’ ಎಂಬ ಮಾತಿಗೆ ಅಳತೆ ಆ ವಿಧಿಯಲ್ಲಿಲ್ಲ. ಅಳತೆ ಬಂದದ್ದು ಅದಕ್ಕೂ ಹಿಂದೆ, 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಿಂದ. ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳಿರಬೇಕು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳಿರಬೇಕು. ಹಾಗಿದ್ದರೆ ಒಬ್ಬ ಉಪಾಧ್ಯಾಯರನ್ನಾದರೂ ಒದಗಿಸಬೇಕು. 1956ರಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳ ಜ್ಞಾಪನಪತ್ರವೂ ಇದೇ ಅಳತೆಯನ್ನು ಅಂಗೀಕರಿಸಿತು. ಸರ್ಕಾರಿ ಪ್ರಕಟಣೆಗಳು ಅಲ್ಪಸಂಖ್ಯಾತರ ಭಾಷೆಯಲ್ಲಿಯೂ ಬರಬೇಕಾದರೆ ತಾಲ್ಲೂಕಿನಂಥ ಪ್ರದೇಶದಲ್ಲಿ ಆ ಭಾಷಿಕರು ಶೇ. 15ರಿಂದ 20ರಷ್ಟಿರಬೇಕೆಂಬ ಸೂಚನೆಯೂ ಅದರಲ್ಲಿತ್ತು.

ಹೀಗಾಗಿ ಗಡಿನಾಡಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂಬತ್ತಕ್ಕೂ ಹತ್ತಕ್ಕೂ ಇರುವ ಅಂತರ ಒಂದು ಮಗುವಿನದಾದರೂ, ಅದರ ಪರಿಣಾಮ ಒಬ್ಬ ಕನ್ನಡ ಉಪಾಧ್ಯಾಯರ ಹುದ್ದೆಯವರೆಗೆ ಹೋಗಬಲ್ಲದು. ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಕೆಲಮಂಗಲ, ಶೂಲಗಿರಿ ಭಾಗಗಳಲ್ಲಿ ತಮಿಳು, ತೆಲುಗು, ಉರ್ದು ಮಾಧ್ಯಮಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಈ ಶಾಲೆಗಳ ಅಂಕಿಗಳನ್ನು ಯಾರು, ಎಲ್ಲಿ, ಎಷ್ಟು ಬೇಗ ನೋಡುತ್ತಾರೆ ಎಂಬುದು ಅವುಗಳ ಅಳಿವು ಉಳಿವಿಗೆ ಸಂಬಂಧಿಸಿದ ಪ್ರಶ್ನೆ. ಒಂದು ಸಾಧಾರಣ ಮೇಜುಗಣಕದಲ್ಲಿ ಉಚಿತ ತಂತ್ರಾಂಶವನ್ನು ಅಳವಡಿಸಿ ಈ ಕಾವಲನ್ನು ಹೇಗೆ ನಡೆಸಬಹುದೆಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ತಡವಾಗಿ ಬರುವ ಅಂಕಿ

ಈ ಸೀಮೆಗೆ ಎಣಿಕೆ ಹೊಸದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋದಾಗ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕರಲ್ಲೊಬ್ಬನಾಗಿದ್ದ ಥಾಮಸ್ ಮನ್ರೋ ಹೊಲ, ಬೆಳೆ, ಜನ, ಕಂದಾಯ ಎಲ್ಲವನ್ನೂ ಲೆಕ್ಕಕ್ಕಿಳಿಸಿದರು. ರೈತವಾರಿ ಪದ್ಧತಿ ರೂಪುಗೊಂಡದ್ದು ಆ ಲೆಕ್ಕದಿಂದಲೇ. ಅಂದಿನಿಂದಲೂ ಇಲ್ಲಿನ ಎಣಿಕೆಯನ್ನು ಮೇಲಿನವರು ತಮ್ಮ ಅಗತ್ಯಕ್ಕೆ ಮಾಡುತ್ತ ಬಂದಿದ್ದಾರೆ. ಎಣಿಸಿಕೊಂಡವರ ಕೈಗೆ ಲೆಕ್ಕ ಮರಳುವುದು ನಿಧಾನವಾಗಿ.

ಇದಕ್ಕೆ ಹತ್ತಿರದ ಉದಾಹರಣೆ ಜನಗಣತಿಯ ಭಾಷಾ ಕೋಷ್ಟಕಗಳು. 2011ರ ಗಣತಿಯ ಮಾತೃಭಾಷಾ ವಿವರಗಳು ಪ್ರಕಟವಾದದ್ದು 2018ರಲ್ಲಿ. ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಅಧಿಸೂಚನೆ ಹೊರಬಿತ್ತು. ಎರಡು ಎಣಿಕೆಗಳ ನಡುವೆ ಹದಿನಾರು ವರ್ಷ. 2011ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಪದವಿಯನ್ನೂ ಮುಗಿಸಿರುತ್ತದೆ. ಇಷ್ಟು ತಡವಾಗಿ ಬರುವ ಅಂಕಿ ಇತಿಹಾಸಕಾರನಿಗೆ ಒದಗೀತು. ಮುಂದಿನ ಜೂನ್‌ಗೆ ಉಪಾಧ್ಯಾಯರನ್ನು ಕೇಳಬೇಕಾದ ಶಾಲೆಗೆ ಒದಗದು.

ತಡವಾಗಿ ಬಂದ ಅಂಕಿಯನ್ನು ಓದುವುದರಲ್ಲಿಯೂ ಎರಡು ಅಪಾಯಗಳಿವೆ. ಮೊದಲನೆಯದು ಗಡಿಯದು. ಹೊಸೂರು ಸೀಮೆ 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರ ಫೆಬ್ರವರಿ 9ರಿಂದ ಕೃಷ್ಣಗಿರಿ ಜಿಲ್ಲೆಯ ಭಾಗ. ಆದ್ದರಿಂದ 2001ರ ಗಣತಿಯಲ್ಲಿ ಹೊಸೂರಿನ ಕನ್ನಡಿಗರು ಧರ್ಮಪುರಿಯ ಲೆಕ್ಕದಲ್ಲಿದ್ದಾರೆ, 2011ರಲ್ಲಿ ಕೃಷ್ಣಗಿರಿಯ ಲೆಕ್ಕದಲ್ಲಿ. ಇದನ್ನು ಗಮನಿಸದೆ ಧರ್ಮಪುರಿಯ ಎರಡು ಬಿಂದುಗಳ ನಡುವೆ ಗೆರೆ ಎಳೆದರೆ, ಹತ್ತು ವರ್ಷದಲ್ಲಿ ಅಲ್ಲಿನ ಕನ್ನಡ ಕುಸಿದುಬಿದ್ದಂತೆ ಚಿತ್ರ ಮೂಡುತ್ತದೆ. ವಾಸ್ತವವಾಗಿ ಅಲ್ಲಿ ಸರಿದದ್ದು ಜಿಲ್ಲೆಯ ಗಡಿ. ಶೂಲಗಿರಿ, ಅಂಚೆಟ್ಟಿ ಮೊದಲಾದ ತಾಲ್ಲೂಕುಗಳು 2011ರ ನಂತರ ಹುಟ್ಟಿದ್ದರಿಂದ ಮುಂದಿನ ಗಣತಿಯನ್ನು ಹೋಲಿಸುವಾಗಲೂ ಈ ತೊಡಕು ಕಾದಿದೆ.

ಎರಡನೆಯದು ಗುಂಪಿನದು. 2011ರಲ್ಲಿ ತಮಿಳುನಾಡಿನಲ್ಲಿ ಕನ್ನಡ ಭಾಷಿಕರು ಸುಮಾರು 12.86 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇ. 1.78. ಆದರೆ ಗಣತಿಯ ಕೋಷ್ಟಕದಲ್ಲಿ ‘ಕನ್ನಡ’ ಎಂಬುದು ಒಂದು ಗುಂಪಿನ ಹೆಸರು. ನೀಲಗಿರಿಯ ಬಡಗ ಮಾತು, ಕುರುಬ ಮಾತು ಕೂಡ ಅದರಡಿಯಲ್ಲಿ ಬರುತ್ತವೆ. ಗುಂಪಿನ ಮೊತ್ತವನ್ನು ಹೊಸೂರಿನ ಕನ್ನಡಕ್ಕೆ ಆರೋಪಿಸುವುದು ತಪ್ಪು. ಚಿತ್ರ ಎಷ್ಟೇ ಅಂದವಾಗಿದ್ದರೂ ಅದರ ಕೆಳಗಿರುವ ಕೋಷ್ಟಕದ ವ್ಯಾಖ್ಯೆ ತಿಳಿಯದಿದ್ದರೆ ಅದು ದಾರಿ ತಪ್ಪಿಸುತ್ತದೆ.

ತೋರಿಸುವುದು ಮತ್ತು ಕಾಯುವುದು

ದತ್ತಾಂಶ ದೃಶ್ಯೀಕರಣವೆಂದರೆ ಕೋಷ್ಟಕದ ಅಂಕಿಗಳನ್ನು ಗೆರೆ, ಕಂಬ, ಬಣ್ಣಗಳಾಗಿ ತೋರಿಸುವುದು. ನಿಗಾ ಎಂದರೆ ಯಾರೂ ನೋಡದಿರುವಾಗಲೂ ಅಂಕಿಗಳನ್ನು ಕಾಯುತ್ತಿದ್ದು, ಗೊತ್ತುಪಡಿಸಿದ ಗೆರೆಯನ್ನು ದಾಟಿದೊಡನೆ ಸುದ್ದಿ ಮುಟ್ಟಿಸುವುದು. ಈ ಎರಡನ್ನೂ ಒಂದೇ ಕಡೆ ಮಾಡುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗ್ರಫಾನಾ. ಸ್ವೀಡನ್ನಿನ ಟೋರ್ಕೆಲ್ ಓಡೆಗಾರ್ಡ್ 2014ರಲ್ಲಿ ಇದನ್ನು ಹೊರತಂದರು. ಕಿಬಾನಾ ಎಂಬ ಮತ್ತೊಂದು ತಂತ್ರಾಂಶದ ಕವಲಾಗಿ ಇದು ಆರಂಭವಾಯಿತು. ಆಕರ ಸಂಕೇತ ಎಲ್ಲರಿಗೂ ತೆರೆದಿದೆ, ಬಳಕೆಗೆ ಶುಲ್ಕವಿಲ್ಲ.

ಇಂಥ ತಂತ್ರಾಂಶಗಳು ಹುಟ್ಟಿದ್ದು ದೊಡ್ಡ ಕಂಪನಿಗಳ ಗಣಕಕೇಂದ್ರಗಳಿಗಾಗಿ: ಯಾವ ಸರ್ವರ್ ಬಿಸಿಯಾಗಿದೆ, ಯಾವುದರ ಜಾಗ ತುಂಬಿದೆ ಎಂದು ಕ್ಷಣ ಕ್ಷಣವೂ ನೋಡುವುದಕ್ಕೆ. ಗ್ರಫಾನಾದ ಜೊತೆಗೆ ಸಾಮಾನ್ಯವಾಗಿ ಹೆಸರಿಸುವ ಪ್ರೊಮಿಥಿಯಸ್ ಕೂಡ 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತ ಕಂಪನಿಯಲ್ಲಿ ಇದೇ ಅಗತ್ಯಕ್ಕೆ ಹುಟ್ಟಿತು. ಅಳವಡಿಕೆಯ ಕೈಪಿಡಿಗಳು ಬಹುಮಟ್ಟಿಗೆ ಈ ಜೋಡಿಯನ್ನೇ ಸೂಚಿಸುವುದರಿಂದ ಹೊಸಬರು ಇಲ್ಲಿಯೇ ಮೊದಲ ತಪ್ಪು ಮಾಡುವ ಸಂಭವವಿದೆ. ಪ್ರೊಮಿಥಿಯಸ್ ಅಂಕಿಗಳನ್ನು ತಾನೇ ಹೋಗಿ ಎತ್ತಿಕೊಂಡು ಬರುತ್ತದೆ, ಎತ್ತಿಕೊಂಡ ಕ್ಷಣವನ್ನೇ ಅವುಗಳ ಕಾಲವೆಂದು ಬರೆದುಕೊಳ್ಳುತ್ತದೆ. ಬೇರೆ ಸೂಚನೆ ಕೊಡದಿದ್ದರೆ ಹದಿನೈದು ದಿನಗಳ ಬಳಿಕ ಅಳಿಸಿಹಾಕುತ್ತದೆ. ಗಣಕದ ಬಿಸಿಯನ್ನು ಅಳೆಯುವುದಕ್ಕೆ ಇಷ್ಟು ನೆನಪು ಸಾಕು. ವರ್ಷಕ್ಕೊಮ್ಮೆ ಬದಲಾಗುವ, ಹದಿನೈದು ವರ್ಷ ಹಿಂದಕ್ಕೆ ನೋಡಬೇಕಾದ ಶಾಲಾ ದಾಖಲಾತಿಗೆ ಅದು ಒಗ್ಗುವುದಿಲ್ಲ. ಭಾಷಾ ಅಧ್ಯಯನದ ಕೇಂದ್ರಕ್ಕೆ ಬೇಕಾದದ್ದು ಗ್ರಫಾನಾ ಮತ್ತು ಒಂದು ಸಾಧಾರಣ ದತ್ತಸಂಚಯ. ದತ್ತಸಂಚಯಕ್ಕೆ ಪೋಸ್ಟ್‌ಗ್ರೆಸ್ ಒಳ್ಳೆಯ ಆಯ್ಕೆ: ಅದೂ ಉಚಿತ, ಗ್ರಫಾನಾ ಅದನ್ನು ನೇರವಾಗಿ ಓದಬಲ್ಲದು, ಕನ್ನಡ ಲಿಪಿಯನ್ನು ತೊಡಕಿಲ್ಲದೆ ಇಟ್ಟುಕೊಳ್ಳುತ್ತದೆ.

ಮೊದಲು ಕೋಷ್ಟಕ, ಆಮೇಲೆ ತಂತ್ರಾಂಶ

ತಂತ್ರಾಂಶವನ್ನು ಇಳಿಸಿಕೊಳ್ಳುವ ಮುನ್ನ ಕೋಷ್ಟಕ ಸಿದ್ಧವಾಗಬೇಕು. ಎರಡು ಕೋಷ್ಟಕಗಳು ಸಾಕು. ಮೊದಲನೆಯದರಲ್ಲಿ ಶಾಲೆಗಳು: ಗುರುತಿನ ಸಂಖ್ಯೆ, ಹೆಸರು, ಊರು, ಶಿಕ್ಷಣ ವಲಯ. ಎರಡನೆಯದರಲ್ಲಿ ಎಣಿಕೆ: ಯಾವ ಶಾಲೆ, ಯಾವ ದಿನಾಂಕ, ಯಾವ ತರಗತಿ, ಯಾವ ಮಾಧ್ಯಮ, ಎಷ್ಟು ಮಕ್ಕಳು. ಒಂದು ಸಾಲಿಗೆ ಒಂದೇ ಅಂಕಿ. ಕಾಗದದ ಪುಸ್ತಕದಲ್ಲಿ ಮಾಡುವಂತೆ ವರ್ಷಗಳನ್ನು ಅಡ್ಡಕ್ಕೆ ಹರಡಿದರೆ ಪ್ರತಿ ವರ್ಷವೂ ಕೋಷ್ಟಕದ ರಚನೆಯನ್ನೇ ಬದಲಿಸಬೇಕಾಗುತ್ತದೆ.

ಶಾಲೆಯನ್ನು ಗುರುತಿಸುವುದು ಹೇಗೆಂಬುದು ಗಡಿನಾಡಿನಲ್ಲಿ ಬಹು ಸೂಕ್ಷ್ಮವಾದ ಪ್ರಶ್ನೆ. ಊರ ಹೆಸರನ್ನು ನೆಚ್ಚುವಂತಿಲ್ಲ. ಕನ್ನಡದ ಹೊಸೂರು ತಮಿಳಿನಲ್ಲಿ ಓಸೂರ್. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ, ಪಕಾರ ಬಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲದ ಕಾರಣ ಬಾಗಲೂರನ್ನು ಅಕ್ಷರಕ್ಕೆ ಅಕ್ಷರ ಲಿಪ್ಯಂತರಿಸಿದರೆ ಪಾಕಲೂರ್ ಆಗಿಬಿಡುತ್ತದೆ. ಡೆಂಕಣಿಕೋಟೆ ತಮಿಳಿನಲ್ಲಿ ಜೇನು, ಹಣ್ಣುಗಳ ಅರ್ಥ ಹೊಳೆಯುವಂತೆ ತೇನ್ಕನಿಕ್ಕೋಟ್ಟೈ ಎಂದು ಬರೆಸಿಕೊಳ್ಳುತ್ತದೆ. ಇಂಗ್ಲಿಷ್ ದಾಖಲೆಗಳಲ್ಲಿ ಮತ್ತಷ್ಟು ರೂಪಗಳು ಸಿಗುತ್ತವೆ. ಓದುಗನಿಗೆ ಇವೆಲ್ಲ ಒಂದೇ ಊರು. ಗಣಕಕ್ಕೆ ಪ್ರತಿಯೊಂದೂ ಬೇರೆ ಊರು. ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ ಒಂದೇ ಶಾಲೆ ಮೂರು ಶಾಲೆಗಳಾಗಿ ಒಡೆದು, ಮೂರೂ ದುರ್ಬಲವಾಗಿ ಕಾಣುತ್ತವೆ.

ಇದಕ್ಕೆ ಪರಿಹಾರ ಯುಡೈಸ್ ಸಂಖ್ಯೆ. ದೇಶದ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಗೂ 11 ಅಂಕಿಗಳ ಇಂಥದೊಂದು ಸಂಖ್ಯೆ ಇದೆ. ತಮಿಳುನಾಡಿನ ಶಾಲೆಗಳದು 33ರಿಂದ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಗುರುತಾಗಿಟ್ಟುಕೊಂಡು, ಹೆಸರಿನ ಕನ್ನಡ, ತಮಿಳು, ಇಂಗ್ಲಿಷ್ ರೂಪಗಳನ್ನು ಮೂರು ಬೇರೆ ಅಂಕಣಗಳಲ್ಲಿ ಬರೆದಿಡಬೇಕು. ಹೆಸರುಗಳ ಆ ಪಟ್ಟಿಗೆ ಸ್ಥಳನಾಮ ಅಧ್ಯಯನದ ದೃಷ್ಟಿಯಿಂದಲೂ ಬೆಲೆಯಿದೆ.

ಎಣಿಕೆಯ ಮೂಲವಾಗಿ ಯುಡೈಸ್ ವ್ಯವಸ್ಥೆಯ ಶಾಲಾವಾರು ವರದಿಗಳನ್ನು ಬಳಸಬಹುದು. ಆದರೆ ತಮಿಳು ಮತ್ತು ಕನ್ನಡ ವಿಭಾಗಗಳೆರಡೂ ಇರುವ ಶಾಲೆಯಲ್ಲಿ ತರಗತಿಯ ಒಟ್ಟು ಮೊತ್ತ ಕನ್ನಡದ ಮಕ್ಕಳೆಷ್ಟೆಂದು ಹೇಳುವುದಿಲ್ಲ. ಅಂಥಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ ಮಾಧ್ಯಮವಾರು ಅಂಕಿ ಪಡೆಯುವುದೊಂದೇ ದಾರಿ. ಯಾವ ಅಂಕಿ ಎಲ್ಲಿಂದ ಬಂತೆಂಬುದಕ್ಕೂ ಒಂದು ಅಂಕಣವಿರಲಿ. ಎಣಿಕೆಯ ದಿನಾಂಕ ಎಲ್ಲ ಶಾಲೆಗಳಿಗೂ ಒಂದೇ ಆಗಿರಬೇಕು. ಯುಡೈಸ್ ಬಹುಕಾಲ ಪಾಲಿಸಿಕೊಂಡು ಬಂದ ಸೆಪ್ಟೆಂಬರ್ 30 ಇದಕ್ಕೆ ಅನುಕೂಲವಾದ ದಿನ. ಜೂನ್‌ನ ದಾಖಲಾತಿಯ ಗದ್ದಲ ಅಷ್ಟರಲ್ಲಿ ತಣ್ಣಗಾಗಿರುತ್ತದೆ.

ಹಳೆಯ ಕಡತಗಳಿರುವ ಕೇಂದ್ರಗಳು ಲಿಪಿಯ ಕಡೆಗೂ ಗಮನ ಕೊಡಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಟ್ಟಿಗಳು ಯುನಿಕೋಡ್‌ಗೆ ಪರಿವರ್ತನೆಯಾಗದೆ ದತ್ತಸಂಚಯಕ್ಕೆ ಹೋದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಎಕ್ಸೆಲ್‌ನಿಂದ ಸಿಎಸ್‌ವಿ ಕಡತ ಉಳಿಸುವಾಗ ‘ಯುಟಿಎಫ್-8’ ಎಂದು ಹೆಸರಿರುವ ಬಗೆಯನ್ನೇ ಆರಿಸಬೇಕು. ಸಾದಾ ಸಿಎಸ್‌ವಿ ಆರಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡಬಹುದು, ಕಳೆದುಹೋದ ಅಕ್ಷರ ಆ ಕಡತದಿಂದ ಮರಳಿ ಬರುವುದಿಲ್ಲ.

ಅಳವಡಿಕೆಯ ಹಂತಗಳು

ಗಣಕ ದೊಡ್ಡದಾಗಿರಬೇಕಿಲ್ಲ. ಗ್ರಫಾನಾ ಕೇಳುವುದು ಕನಿಷ್ಠ 512 ಎಂಬಿ ಸ್ಮೃತಿ ಮತ್ತು ಒಂದು ಸಂಸ್ಕಾರಕ. 4 ಜಿಬಿ ಸ್ಮೃತಿಯ ಹಳೆಯ ಮೇಜುಗಣಕದಲ್ಲಿ ಗ್ರಫಾನಾ, ಪೋಸ್ಟ್‌ಗ್ರೆಸ್ ಎರಡೂ ನಿರಾಯಾಸವಾಗಿ ನಡೆಯುತ್ತವೆ. ಯುಪಿಎಸ್ ಮಾತ್ರ ಇರಲೇಬೇಕು. ಬರೆಯುತ್ತಿರುವಾಗ ವಿದ್ಯುತ್ ಹೋಗುವುದು ಡಿಸ್ಕಿಗೂ ಅದರಲ್ಲಿರುವ ದತ್ತಾಂಶಕ್ಕೂ ಒಳ್ಳೆಯದಲ್ಲ.

ಮೊದಲು ಪೋಸ್ಟ್‌ಗ್ರೆಸ್. ಅದನ್ನು ಅಳವಡಿಸಿ, ಒಂದು ದತ್ತಸಂಚಯ ತೆರೆದು, ಮೇಲೆ ಹೇಳಿದ ಎರಡು ಕೋಷ್ಟಕಗಳನ್ನು ರಚಿಸಿ ಸಿಎಸ್‌ವಿ ಕಡತದಿಂದ ಅಂಕಿಗಳನ್ನು ತುಂಬಬೇಕು. ಬಳಿಕ ಇಬ್ಬರು ಬಳಕೆದಾರರನ್ನು ಸೃಷ್ಟಿಸಬೇಕು: ಬರೆಯುವ ಅಧಿಕಾರವುಳ್ಳವರು ಒಬ್ಬರು, ಓದುವ ಅಧಿಕಾರ ಮಾತ್ರವುಳ್ಳವರು ಮತ್ತೊಬ್ಬರು. ಗ್ರಫಾನಾಕ್ಕೆ ಕೊಡಬೇಕಾದದ್ದು ಎರಡನೆಯವರ ಹೆಸರು. ಗ್ರಫಾನಾ ತನ್ನ ಮೂಲಕ ಹೋಗುವ ಆದೇಶ ಓದುವುದೋ ಅಳಿಸುವುದೋ ಎಂದು ಪರಿಶೀಲಿಸುವುದಿಲ್ಲ. ಬರೆಯುವ ಅಧಿಕಾರ ಕೊಟ್ಟಿದ್ದರೆ ಫಲಕ ಮಾಡುವವರ ಒಂದು ಕೈತಪ್ಪಿನಿಂದ ಇಡೀ ಕೋಷ್ಟಕ ಹೋಗಬಹುದು.

ಎರಡನೆಯ ಹಂತ ಗ್ರಫಾನಾ. ವಿಂಡೋಸ್ ಗಣಕದಲ್ಲಿ ಅದರ ಅಧಿಕೃತ ತಾಣದಿಂದ ಅಳವಡಿಕೆಯ ಕಡತ ಇಳಿಸಿ ನಡೆಸಿದರೆ ಸಾಕು; ಅದು ಹಿನ್ನೆಲೆಯ ಸೇವೆಯಾಗಿ ನೆಲೆಗೊಳ್ಳುತ್ತದೆ. ಉಬುಂಟುವಿನಲ್ಲಿ ಅಧಿಕೃತ ಭಂಡಾರವನ್ನು ಸೇರಿಸಿ ಅಳವಡಿಸಿದ ಮೇಲೆ ಎರಡು ಆದೇಶಗಳನ್ನು ಪ್ರತ್ಯೇಕವಾಗಿ ಕೊಡಬೇಕು: ಸೇವೆಯನ್ನು ಈಗ ಆರಂಭಿಸು ಎಂಬುದೊಂದು, ಗಣಕ ಹೊತ್ತಿಕೊಂಡಾಗಲೆಲ್ಲ ಆರಂಭಿಸು ಎಂಬುದಿನ್ನೊಂದು. ಎರಡನೆಯದನ್ನು ಮರೆತರೆ ಆ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗಣಕ ಆರಿಸಿ ಹೊತ್ತಿಸಿದ ಮರುದಿನ ಫಲಕ ತೆರೆಯುವುದಿಲ್ಲ.

ಸೇವೆ ಆರಂಭವಾದ ಮೇಲೆ ಅದೇ ಗಣಕದ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂಬ ವಿಳಾಸವನ್ನು 3000 ಎಂಬ ದ್ವಾರಸಂಖ್ಯೆಯೊಂದಿಗೆ ತೆರೆಯಬೇಕು. ಮೊದಲ ಪ್ರವೇಶಕ್ಕೆ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಇದು ಲೋಕಕ್ಕೆಲ್ಲ ತಿಳಿದ ಕೀಲಿಯಾದ್ದರಿಂದ ಒಳಹೊಕ್ಕ ಕೂಡಲೇ ಬದಲಿಸಬೇಕು. ಗ್ರಫಾನಾ ಬೇರೆ ಸೂಚನೆಯಿಲ್ಲದಿದ್ದರೆ ಗಣಕ ಸೇರಿರುವ ಎಲ್ಲ ಜಾಲಗಳಿಗೂ ಉತ್ತರಿಸುತ್ತದೆ. ಕೇಂದ್ರದ ಒಳಗಿನ ಗಣಕಗಳಿಗೆ ಅದು ಸಿಗಲಿ. ಹೊರಗಿನ ಅಂತರ್ಜಾಲಕ್ಕೆ ಆ ದ್ವಾರವನ್ನು ತೆರೆಯುವ ಅಗತ್ಯವಿಲ್ಲ.

ಮೂರನೆಯ ಹಂತ ಇವೆರಡನ್ನೂ ಬೆಸೆಯುವುದು. ಗ್ರಫಾನಾದ ದತ್ತಮೂಲಗಳ ಪುಟದಲ್ಲಿ ಪೋಸ್ಟ್‌ಗ್ರೆಸ್ ಆರಿಸಿ, ವಿಳಾಸ, 5432 ಎಂಬ ದ್ವಾರಸಂಖ್ಯೆ, ದತ್ತಸಂಚಯದ ಹೆಸರು, ಓದುವ ಬಳಕೆದಾರನ ಹೆಸರು, ಪಾಸ್‌ವರ್ಡ್ ತುಂಬಿ ‘ಉಳಿಸಿ ಪರೀಕ್ಷಿಸು’ ಎಂಬ ಗುಂಡಿಯನ್ನು ಒತ್ತಬೇಕು. ಸಂಪರ್ಕ ಸರಿಯಿದೆ ಎಂಬ ಹಸುರು ಸೂಚನೆ ಬಂದರೆ ಅಳವಡಿಕೆ ಮುಗಿಯಿತು. ಕೋಷ್ಟಕ ಸಿದ್ಧವಿದ್ದರೆ ಇದಿಷ್ಟೂ ಒಂದು ಮಧ್ಯಾಹ್ನದ ಕೆಲಸ.

ಖಾಲಿ ಪರದೆಯ ಒಗಟು

ಮೊದಲ ಫಲಕವನ್ನು ರಚಿಸಿದವರಿಗೆ ಎದುರಾಗುವುದು ಬಹುತೇಕ ಖಾಲಿ ಪರದೆ. ಅಂಕಿಗಳು ಇವೆ, ಸಂಪರ್ಕವೂ ಇದೆ, ಚಿತ್ರವಿಲ್ಲ. ಕಾರಣ ಸರಳ. ಸರ್ವರ್‌ಗಳನ್ನು ಕಾಯಲೆಂದು ಹುಟ್ಟಿದ ಈ ತಂತ್ರಾಂಶ ಹೊಸ ಫಲಕದಲ್ಲಿ ಕಳೆದ ಆರು ಗಂಟೆಗಳನ್ನು ಮಾತ್ರ ತೋರಿಸುತ್ತದೆ. ಆರು ಗಂಟೆಗಳಲ್ಲಿ ಯಾವ ಶಾಲೆಯ ದಾಖಲಾತಿಯೂ ಬದಲಾಗಿರುವುದಿಲ್ಲ. ಮೇಲಿನ ಮೂಲೆಯ ಕಾಲಾವಧಿಯನ್ನು ಹದಿನೈದು ವರ್ಷಕ್ಕೆ ಹಿಗ್ಗಿಸಿದೊಡನೆ ಗೆರೆಗಳು ಮೂಡುತ್ತವೆ. ಆ ಅವಧಿಯನ್ನು ಫಲಕದ ಜೊತೆಗೇ ಉಳಿಸಿಟ್ಟರೆ ಮುಂದೆ ತೆರೆದವರಿಗೆ ಗಾಬರಿಯಾಗುವುದಿಲ್ಲ. ಫಲಕದ ಶೀರ್ಷಿಕೆ, ಗೆರೆಗಳ ಹೆಸರು ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯಬಹುದು. ಬ್ರೌಸರ್ ಅವನ್ನು ಸರಿಯಾಗಿ ತೋರಿಸುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಗಂಭೀರ. ಒಂದು ಶಾಲೆ ಮುಚ್ಚಿಹೋಯಿತು, ಅಥವಾ ಅದರ ಕನ್ನಡ ವಿಭಾಗ ನಿಂತುಹೋಯಿತು ಎನ್ನೋಣ. ಆ ವರ್ಷದ ಎಣಿಕೆಯ ಕೋಷ್ಟಕದಲ್ಲಿ ಅದರ ಸಾಲೇ ಇರುವುದಿಲ್ಲ. ಎಣಿಕೆಯ ಕೋಷ್ಟಕವನ್ನು ಮಾತ್ರ ನೋಡುವ ಫಲಕದಲ್ಲಿ ಆ ಶಾಲೆ ಸದ್ದಿಲ್ಲದೆ ಮಾಯವಾಗುತ್ತದೆ. ಅದಕ್ಕೆ ಹಿಂದೆ ಎಚ್ಚರಿಕೆ ಮೊಳಗುತ್ತಿದ್ದರೆ, ಸಾಲು ಕಾಣೆಯಾದ ಸ್ವಲ್ಪ ಹೊತ್ತಿನಲ್ಲಿ ಗ್ರಫಾನಾ ಆ ಎಚ್ಚರಿಕೆಯನ್ನು ತೀರಿದ ವಿಷಯವೆಂದು ಮುಚ್ಚಿಬಿಡುತ್ತದೆ. ಅಂದರೆ ಶಾಲೆ ಸತ್ತಾಗ ಕಾವಲುಗಾರ ಸುಮ್ಮನಾಗುತ್ತಾನೆ. ಇದನ್ನು ತಪ್ಪಿಸಲು ಪ್ರಶ್ನೆಯನ್ನು ಶಾಲೆಗಳ ಕೋಷ್ಟಕದಿಂದ ಆರಂಭಿಸಬೇಕು: ಪಟ್ಟಿಯಲ್ಲಿರುವ ಪ್ರತಿಯೊಂದು ಶಾಲೆಯನ್ನೂ ತೆಗೆದುಕೊ, ಈ ವರ್ಷದ ಎಣಿಕೆ ಇದ್ದರೆ ಜೋಡಿಸು, ಇಲ್ಲದಿದ್ದರೆ ಸೊನ್ನೆಯೆಂದು ತೋರಿಸಿ ‘ವರದಿ ಬಂದಿಲ್ಲ’ ಎಂಬ ಗುರುತು ಹಚ್ಚು. ಆಗ ಇಲ್ಲದಿರುವುದೂ ಪರದೆಯ ಮೇಲೆ ಕಾಣುತ್ತದೆ. ಮುಚ್ಚಿದ ಶಾಲೆಯನ್ನು ಪಟ್ಟಿಯಿಂದ ಎಂದೂ ಅಳಿಸಬಾರದು. ಮುಚ್ಚಿದ ವರ್ಷವನ್ನು ಬರೆದಿಡಬೇಕು.

ಎಚ್ಚರಿಕೆಯ ಗೆರೆ ಎಲ್ಲಿ?

ಈ ಏರ್ಪಾಡಿನ ತಿರುಳು ಎಚ್ಚರಿಕೆಯ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿದೆ. ನಿಯಮ ಹೇಳುವುದು 40 ಅಥವಾ 10. ಗೆರೆಯನ್ನೂ ಅಲ್ಲಿಯೇ ಎಳೆದರೆ ಎಚ್ಚರಿಕೆ ಬರುವುದು ಹಕ್ಕು ಕೈತಪ್ಪಿದ ದಿನ. ಒಂದು ಕಲ್ಪಿತ ಶಾಲೆಯ ಲೆಕ್ಕದಿಂದ ಇದು ಸ್ಪಷ್ಟವಾದೀತು.

ಆ ಶಾಲೆಯಲ್ಲಿ ಒಂದರಿಂದ ಐದರವರೆಗಿನ ತರಗತಿಗಳಲ್ಲಿ ಕ್ರಮವಾಗಿ 6, 8, 9, 10, 12 ಮಕ್ಕಳಿದ್ದಾರೆ. ಒಟ್ಟು 45. ನಲವತ್ತರ ಗೆರೆಗಿಂತ ಮೇಲಿದೆ; ಎರಡು ತರಗತಿಗಳಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದಾರೆ. ಶಾಲೆ ಕ್ಷೇಮವೆಂದೇ ತೋರುತ್ತದೆ. ಮರುವರ್ಷ ಐದನೆಯ ತರಗತಿಯ 12 ಮಕ್ಕಳು ಹೊರಟುಹೋಗಿ ಒಂದನೆಯದಕ್ಕೆ ಐವರು ಸೇರಿದರೆ ಒಟ್ಟು 38. ಹತ್ತು ಮಕ್ಕಳ ಒಂದು ತರಗತಿ ಮಾತ್ರ ಉಳಿದಿದೆ. ಅದರ ಮರುವರ್ಷ ಆ ಹತ್ತು ಮಂದಿಯೂ ಹೊರಟು, ಮತ್ತೆ ಐವರು ಸೇರಿದರೆ ಒಟ್ಟು 33. ಯಾವ ತರಗತಿಯಲ್ಲಿಯೂ ಹತ್ತು ಮಕ್ಕಳಿಲ್ಲ. ಎರಡೇ ವರ್ಷಗಳಲ್ಲಿ ಎರಡೂ ಅಳತೆಗಳು ತಪ್ಪಿಹೋದವು.

ಈ ಕುಸಿತ ಮೊದಲ ವರ್ಷದ ಅಂಕಿಗಳಲ್ಲಿಯೇ ಅಡಗಿತ್ತು. ಒಟ್ಟು ಮೊತ್ತ 45 ಶಾಲೆಯ ಗತಕಾಲವನ್ನು ಹೇಳುತ್ತದೆ. ಒಂದನೆಯ ತರಗತಿಯ 6 ಅದರ ಮುಂದಿನ ದಿನಗಳನ್ನು ಹೇಳುತ್ತದೆ. ಐದು ತರಗತಿಗಳ ಶಾಲೆ ನಲವತ್ತರ ಮೇಲೆ ನಿಲ್ಲಬೇಕಾದರೆ ವರ್ಷಕ್ಕೆ ಸರಾಸರಿ ಎಂಟು ಮಕ್ಕಳಾದರೂ ಹೊಸದಾಗಿ ಸೇರುತ್ತಿರಬೇಕು. ಆದ್ದರಿಂದ ಮೊದಲ ಗೆರೆ ಒಂದನೆಯ ತರಗತಿಯ ಮೇಲೆ, ಎಂಟಕ್ಕೆ. ಎರಡನೆಯ ಗೆರೆ ಒಟ್ಟು ಮೊತ್ತದ ಮೇಲೆ, ನಲವತ್ತಕ್ಕಲ್ಲದೆ ಐವತ್ತಕ್ಕೆ. ಮೂರನೆಯದು, ವರದಿ ಬಾರದ ಶಾಲೆಗಳಿಗೆ. ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದರೆ ಯಾವ ಶಾಲೆಗೆ ಯಾವ ಬಗೆಯ ಗಮನ ಬೇಕೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಗ್ರಫಾನಾದಲ್ಲಿ ಎಚ್ಚರಿಕೆಯ ನಿಯಮಕ್ಕೆ ನಾಲ್ಕು ಅಂಗಗಳಿವೆ: ಯಾವ ಅಂಕಿಯನ್ನು ನೋಡಬೇಕು, ಯಾವ ಗೆರೆ ದಾಟಿದರೆ, ಎಷ್ಟು ಹೊತ್ತಿಗೊಮ್ಮೆ ಪರೀಕ್ಷಿಸಬೇಕು, ಯಾರಿಗೆ ತಿಳಿಸಬೇಕು. ಶಾಲೆಯ ಸಂಖ್ಯೆಯೂ ಮಕ್ಕಳ ಸಂಖ್ಯೆಯೂ ಇರುವ ಕೋಷ್ಟಕವನ್ನು ಒಂದೇ ನಿಯಮಕ್ಕೆ ಕೊಟ್ಟರೆ ಅದು ಪ್ರತಿಯೊಂದು ಶಾಲೆಗೂ ಪ್ರತ್ಯೇಕವಾಗಿ ಎಚ್ಚರಿಕೆ ಹುಟ್ಟಿಸುತ್ತದೆ. ಪರೀಕ್ಷೆ ದಿನಕ್ಕೊಮ್ಮೆ ನಡೆದರೆ ಸಾಕು. ಮಿಂಚಂಚೆ ಹೋಗಬೇಕಾದರೆ ಸಂರಚನಾ ಕಡತದಲ್ಲಿ ಅಂಚೆ ಸರ್ವರ್‌ನ ವಿವರ ತುಂಬಿರಬೇಕು. ಇದನ್ನು ತುಂಬದೆ ನಿಯಮ ಮಾತ್ರ ಬರೆದರೆ ಎಚ್ಚರಿಕೆ ಪರದೆಯಲ್ಲಿಯೇ ಉಳಿಯುತ್ತದೆ.

ಸೆಪ್ಟೆಂಬರ್ ಕೊನೆಯ ಎಣಿಕೆ ಅಕ್ಟೋಬರ್‌ನಲ್ಲಿ ಕೋಷ್ಟಕ ಸೇರಿದರೆ ಮುಂದಿನ ಜೂನ್‌ಗೆ ಇನ್ನೂ ಏಳೆಂಟು ತಿಂಗಳಿರುತ್ತದೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳಲ್ಲಿ, ಶಾಲಾ ವರ್ಷಕ್ಕೆ ಮೂರು ತಿಂಗಳು ಮುಂಚೆ ಅಲ್ಪಸಂಖ್ಯಾತ ಭಾಷೆಯ ಮಕ್ಕಳ ಮುಂಗಡ ನೋಂದಣಿಗೆ ಪುಸ್ತಕ ತೆರೆಯಬೇಕೆಂಬ ಮಾತು ಬರುತ್ತದೆ. ಮಾರ್ಚ್‌ಗೆ ಮುನ್ನ ಯಾವ ಊರುಗಳಲ್ಲಿ ಮನೆಮನೆಗೆ ಹೋಗಬೇಕೆಂದು ತಿಳಿದಿರುವುದೇ ಈ ಎಚ್ಚರಿಕೆಯ ಪ್ರಯೋಜನ.

ಫಲಕಕ್ಕೆ ಕಾಣದ್ದು

ಇಳಿಯುವ ಗೆರೆ ತಾನು ಏಕೆ ಇಳಿಯಿತೆಂದು ಹೇಳುವುದಿಲ್ಲ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ 2006–07ರಲ್ಲಿ ಒಂದನೆಯ ತರಗತಿಯಿಂದ ತಮಿಳನ್ನು ಕಡ್ಡಾಯಗೊಳಿಸಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಸಾಹತುಗಳು ಊರಿನ ಜನರಚನೆಯನ್ನೇ ಬದಲಿಸಿವೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳ ಸೆಳೆತವಿದೆ. ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆಯೂ ಇಳಿದಿದೆ. ಫಲಕದ ಮೇಲೆ ಇಂಥ ಘಟನೆಗಳನ್ನು ನಿಲುಗೆರೆಗಳಾಗಿ ಗುರುತಿಸುವ ಸೌಲಭ್ಯ ಗ್ರಫಾನಾದಲ್ಲಿದೆ, ಅದನ್ನು ಬಳಸುವುದು ಒಳ್ಳೆಯದು. ಆದರೆ ಎರಡು ಗೆರೆಗಳು ಒಂದೆಡೆ ಸಂಧಿಸಿದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಾಧಿಸಿದಂತಾಗುವುದಿಲ್ಲ. ಮನೆಯ ಮಾತು ಮತ್ತು ಶಾಲೆಯ ಮಾಧ್ಯಮ ಒಂದೇ ಆಗಿರಬೇಕಿಲ್ಲವೆಂಬುದನ್ನೂ ನೆನಪಿಡಬೇಕು: ಮೂರು ನಾಲ್ಕು ಭಾಷೆಗಳು ಬೆರೆತಿರುವ ಈ ಸೀಮೆಯಲ್ಲಿ ಕನ್ನಡ ಶಾಲೆಯ ಮಗುವೆಲ್ಲ ಕನ್ನಡ ಮನೆಯದಲ್ಲ, ಕನ್ನಡ ಮನೆಯ ಮಗುವೆಲ್ಲ ಕನ್ನಡ ಶಾಲೆಯದಲ್ಲ. ಕಾರಣವನ್ನು ಹುಡುಕುವುದು ಕ್ಷೇತ್ರಕಾರ್ಯದ ಕೆಲಸ. ಎಲ್ಲಿ ಹುಡುಕಬೇಕೆಂದು ತೋರಿಸುವುದು ಫಲಕದ ಕೆಲಸ.

ಇನ್ನೊಂದು ಎಚ್ಚರ ಮಕ್ಕಳ ಬಗೆಗೆ. ಮೂವರೇ ಮಕ್ಕಳಿರುವ ತರಗತಿಯಲ್ಲಿ ಜಾತಿ, ಲಿಂಗ, ಊರುಗಳ ವಿವರ ಬರೆದಿಟ್ಟರೆ ಹೆಸರಿಲ್ಲದಿದ್ದರೂ ಮಗು ಯಾರೆಂದು ತಿಳಿದುಬಿಡುತ್ತದೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿತ ಸಮ್ಮತಿಯನ್ನು ಬಯಸುತ್ತದೆ. ನಲವತ್ತು ಮತ್ತು ಹತ್ತರ ಲೆಕ್ಕಕ್ಕೆ ಹೆಸರು ಬೇಕಾಗಿಲ್ಲ, ಎಣಿಕೆಯೊಂದೇ ಸಾಕು. ಬೇಡದ ಮಾಹಿತಿಯನ್ನು ಸಂಗ್ರಹಿಸದಿರುವುದೇ ಅದನ್ನು ಕಾಪಾಡುವ ಸುಲಭ ದಾರಿ.

ಕೊನೆಗೆ ಪ್ರತಿಗಳ ಮಾತು. ಪೋಸ್ಟ್‌ಗ್ರೆಸ್‌ನಲ್ಲಿರುವುದು ಅಂಕಿ, ಫಲಕಗಳ ವಿನ್ಯಾಸವನ್ನೂ ಎಚ್ಚರಿಕೆಯ ನಿಯಮಗಳನ್ನೂ ಗ್ರಫಾನಾ ತನ್ನದೇ ಒಂದು ಚಿಕ್ಕ ದತ್ತಸಂಚಯದ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಎರಡರ ಪ್ರತಿಯನ್ನೂ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿನಲ್ಲಿ ತೆಗೆದು ಬೇರೊಂದು ಮನೆಯಲ್ಲಿಡಬೇಕು. ಪ್ರತಿ ಅಕ್ಟೋಬರ್‌ನಲ್ಲಿ ಇಡೀ ಕೋಷ್ಟಕವನ್ನು ಕಾಗದದ ಮೇಲೆ ಮುದ್ರಿಸಿ ಕಡತದಲ್ಲಿ ಸೇರಿಸಬೇಕು. ತಂತ್ರಾಂಶಗಳು ಬದಲಾಗುತ್ತವೆ, ಕಾಗದವನ್ನು ಓದಲು ಯಾವ ಆವೃತ್ತಿಯೂ ಬೇಕಿಲ್ಲ.

ಗಣಕವನ್ನು ಅಣಿಗೊಳಿಸಲು ಒಂದು ಮಧ್ಯಾಹ್ನ ಸಾಕಾದರೂ ನಂಬಬಹುದಾದ ಮೊದಲ ಕೋಷ್ಟಕಕ್ಕೆ ಒಂದು ವರ್ಷವಾದರೂ ಬೇಕು. ಅದನ್ನು ತುಂಬುವವರು ಹಳ್ಳಿಗಳ ಮುಖ್ಯೋಪಾಧ್ಯಾಯರು, ನಿವೃತ್ತ ಶಿಕ್ಷಕರು, ಕೇಂದ್ರದ ಸಂಶೋಧನಾ ವಿದ್ಯಾರ್ಥಿಗಳು. ಅವರಿಗೆ ವರ್ಷಕ್ಕೊಮ್ಮೆ ಮರಳಿ ಸಿಗಬೇಕಾದದ್ದು ತಮ್ಮ ಶಾಲೆಯ ಒಂದು ಪುಟದ ಚಿತ್ರ: ಹಿಂದಿನ ಹತ್ತು ವರ್ಷಗಳ ಗೆರೆ, ಈ ವರ್ಷದ ಒಂದನೆಯ ತರಗತಿಯ ಅಂಕಿ, ಎಂಟರ ಗೆರೆಗೆ ಇನ್ನೆಷ್ಟು ಮಕ್ಕಳು ಬೇಕೆಂಬ ಲೆಕ್ಕ. ಶಿಕ್ಷಣಾಧಿಕಾರಿಯ ಮುಂದೆ ಇಡುವ ಮನವಿಗೆ ಆ ಪುಟವೇ ಲಗತ್ತು. ಊರಿನ ಸಭೆಯಲ್ಲಿಯೂ ಅದನ್ನೇ ಓದಿ ಹೇಳಬಹುದು: ಈ ಬಾರಿ ನಮ್ಮ ಶಾಲೆಗೆ ಇನ್ನೂ ಇಬ್ಬರು ಮಕ್ಕಳು ಬೇಕು.